ನದಿ ಬಿಟ್ಟು ಗುಡ್ಡ ಹತ್ತಿಸಿದ ದಾರಿಯಂತ್ರದ ಸನ್ನಿಧಿಗೆ

ಮಾನ್ಯ ದಾರಿಯಂತ್ರದವರಿಗೆ,
ಸೈಕಲ್ ಹ್ಯಾಂಡಲಿನ ನಟ್ಟನಡುವೆ (ಸದ್ಯ ನಮ್ಮ ಮನೆಯ ಫ್ರಿಜ್ಜಿನ ಮೇಲೆ).

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ಪರದೆಗೆ ಗೀರು ಬೀಳದಿರಲಿ, ತಮ್ಮ ಮೇಲೆ ಉಪಗ್ರಹಗಳ ಕೃಪಾದೃಷ್ಟಿ ತಪ್ಪದಿರಲಿ ಎಂದು ಹಾರೈಸಿ, ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಮಧ್ಯಾಹ್ನದ ಊಟದ ಅಂಗಡಿ ನಡೆಸುವ ಬಿ. ರಾಮಮೂರ್ತಿ ಎಂಬ ನಾನು ಬರೆದುಕೊಳ್ಳುವ ವಿಜ್ಞಾಪನೆ. ತಮ್ಮನ್ನು ತಯಾರಿಸಿದ ಕಂಪನಿಗೆ ಎಷ್ಟು ಸಲ ಬರೆದರೂ ‘ನಿಮ್ಮ ಅನುಭವ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬರುತ್ತಿರುವುದರಿಂದ, ಅದನ್ನು ಬರೆಯುತ್ತಿರುವವರೂ ತಮ್ಮ ಕುಲಬಾಂಧವರೇ ಇರಬೇಕೆಂದು ಊಹಿಸಿ, ನಡುವೆ ದಲ್ಲಾಳಿಗಳು ಯಾಕೆಂದು ನೇರವಾಗಿ ತಮಗೇ, ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಈ ದೇಶಕ್ಕೆ ಬಂದಾಗ ಇನ್ನೊಬ್ಬರ ಹೋಟೆಲಿನಲ್ಲಿ ತಟ್ಟೆ ತೊಳೆದು, ಆಮೇಲೆ ತೊಳೆಸಿ, ಆಮೇಲೆ ಸ್ವಂತ ಅಂಗಡಿ ತೆರೆದು, ಗುರುವಾರ ಬಂತೆಂದರೆ ಬಟಾಣಿ ಸೂಪನ್ನೇ ಕುಡಿಯಬೇಕೆಂದು ನಂಬಿದ್ದ ಸ್ವೀಡನ್ನಿನ ಎಂಜಿನಿಯರುಗಳಿಗೆ ಗುರುವಾರವೇ ಬಿಸಿಬೇಳೆ ಬಾತಿನ ಚಟ ಹತ್ತಿಸಿದವನು. ಗಿರಾಕಿಯ ಮುಖ ನೋಡಿದರೆ ಸಾಕು, ಇವನು ಎರಡನೇ ಸಲ ಬಡಿಸಿಕೊಳ್ಳುತ್ತಾನೋ, ಅರ್ಧ ಬಿಟ್ಟು ಎದ್ದು ಹೋಗುತ್ತಾನೋ ಹೇಳಬಲ್ಲೆ. ತಮ್ಮ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತು. ತಮಗೆ ಮುಖವೇ ಇಲ್ಲದ್ದರಿಂದ ಹೀಗಾಯಿತೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ತಮಗೆ ಹಿನ್ನೆಲೆ ತಿಳಿದಿರಲಿಕ್ಕಿಲ್ಲ, ತಮ್ಮನ್ನು ಕೊಂಡದ್ದೇ ಪ್ರಯಾಣದ ಹಿಂದಿನ ವಾರವಾದ್ದರಿಂದ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಅವನಿ, ಯೋನಾಸ್ ಎಂಬ ಹುಡುಗನನ್ನು ಒಪ್ಪಿದ್ದಾಳೆ. ಹುಡುಗ ಒಳ್ಳೆಯವನು, ಸಾರನ್ನು ಸಾರೆಂದೇ ಕರೆಯುತ್ತಾನೆ. ನಮ್ಮ ಕಡೆಯಾಗಿದ್ದರೆ ಗಂಡಿನ ಮನೆಯವರು ಬಂದು, ಎದುರುಬದುರು ಕೂತು, ಉಪ್ಪಿಟ್ಟು ಕೇಸರಿಬಾತ್ ತಿಂದು, ಯಾರ ಅತ್ತೆ ಯಾರ ಊರಿಗೆ ಸೊಸೆಯಾಗಿ ಹೋಗಿದ್ದರು ಎಂಬುದನ್ನೆಲ್ಲ ವಿಚಾರಿಸಿ ಸಂಬಂಧ ಬೆಳೆಸುತ್ತಿದ್ದರು. ಯೋನಾಸನ ತಂದೆ ಲೆನ್ನಾರ್ಟ್ ಅವರೂ ತಾಯಿ ಗುನಿಲ್ಲಾ ಅವರೂ, ನಾವೆಲ್ಲ ಪರಿಚಯವಾಗಬೇಕಾದರೆ ಫ್ರಾನ್ಸಿನ ಲ್ವಾರ್ ನದಿಯ ದಂಡೆಯಲ್ಲಿ ಐದು ದಿನ ಸೈಕಲ್ ಹೊಡೆಯೋಣ ಎಂದರು. ಈ ದೇಶದ ಜನ ಒಬ್ಬರನ್ನೊಬ್ಬರು ಅರಿಯಬೇಕಾದರೆ ಎದುರು ಕೂತು ಮಾತಾಡುವುದಿಲ್ಲ, ಒಬ್ಬರ ಬೆನ್ನು ಒಬ್ಬರು ನೋಡುತ್ತ ಮೌನವಾಗಿ ಸಾಲಾಗಿ ಹೋಗುತ್ತಾರೆ. ‘ಅಪ್ಪಾ, ನಿಂಗೆ ಸೈಕ್ಲಿಂಗ್ ಬರುತ್ತೆ, ರೈಟ್?’ ಎಂದು ಅವನಿ ಕೇಳಿದಾಗ ನಾನು ‘ಓಹೋ’ ಎಂದೆ. ನನ್ನ ಹೆಂಡತಿ ಸುಲೋಚನಾ, ‘ನಿಮ್ಮಪ್ಪ ಸೈಕಲ್ ಇಟ್ಕೊಂಡಿದ್ದು ಹಾಲಿನ ಕ್ಯಾನ್ ನೇತುಹಾಕೋಕೆ, ತಳ್ಕೊಂಡೇ ಬರ್ತಿದ್ರು’ ಎಂದು ಹೇಳಿ ತನಗೆ ಮಾತ್ರ ಬ್ಯಾಟರಿ ಮೋಟಾರಿನ ಸೈಕಲ್ ಗೊತ್ತುಮಾಡಿಕೊಂಡಳು.

ನಾಲ್ಕನೆಯ ದಿನ, ಗುರುವಾರ, ಆಂಬ್ವಾಝ್ ಎಂಬ ಹಳೆಯ ಊರಿನಲ್ಲಿ ನದಿಗೆ ಮುಖಮಾಡಿದ ಹೋಟೆಲಿನಲ್ಲಿ ಹನ್ನೆರಡಕ್ಕೆ ಸರಿಯಾಗಿ ಊಟವೆಂದು ಲೆನ್ನಾರ್ಟ್ ಅವರು ಚಳಿಗಾಲದಲ್ಲೇ ಮೇಜು ಕಾದಿರಿಸಿದ್ದರು. ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ, ಅದರೊಳಗೆ ಬೀಗರ ಕೈಗೆ ತಾಂಬೂಲ ಕೊಟ್ಟು ಸಂಬಂಧ ಗಟ್ಟಿ ಮಾಡಿಕೊಳ್ಳಬೇಕೆಂಬುದು ನನ್ನ ಯೋಜನೆ. ವೀಳ್ಯದೆಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಕೆ, ತೆಂಗಿನಕಾಯಿ ಸಮೇತ ನನ್ನ ಸೈಕಲ್ ಚೀಲದಲ್ಲೇ ಇಟ್ಟುಕೊಂಡಿದ್ದೆ. ತಾಂಬೂಲ ಕೊಡುವಾಗ ಹೇಳಬೇಕಾದ ಒಂದು ಮಾತನ್ನು, ‘ನಮ್ಮ ಮನೆಯ ಮಗಳನ್ನು ನಿಮ್ಮ ಮನೆ ತುಂಬಿಸಿಕೊಳ್ಳಿ’ ಎಂಬುದನ್ನು, ಸ್ವೀಡಿಷ್ ಭಾಷೆಗೆ ತಿರುಗಿಸಿ, ದಿನಾ ನದಿ ದಾಟಿ ಅಂಗಡಿಗೆ ಹೋಗುವ ದೋಣಿಯಲ್ಲಿ ಇಡೀ ವಸಂತಕಾಲ ಬಾಯಿಪಾಠ ಮಾಡಿದ್ದೆ. ಅವನಿ ಕೇಳಿ ‘ಅಪ್ಪಾ, ಇದು ಫರ್ನಿಚರ್ ಡೆಲಿವರಿ ಥರ ಇದೆ’ ಎಂದರೂ ಒಂದಕ್ಷರ ಬದಲಿಸಲಿಲ್ಲ.

ಇನ್ನು ತಮಗೆ ನಾನು ತೋರಿದ ಮರ್ಯಾದೆಯ ವಿಚಾರ. ಓರ್ಲೆಯಾನ್ ಊರಿನಲ್ಲಿ ಹೊರಡುವ ಮುಂಜಾನೆ ಆರೂ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಊದುಬತ್ತಿ ಬೆಳಗಿ, ಎಲ್ಲ ಹ್ಯಾಂಡಲುಗಳಿಗೂ ಅರಿಶಿನ ಕುಂಕುಮ ಹಚ್ಚಿದೆ. ದಾರಿ ತೋರುವವರು ತಾವಾದ್ದರಿಂದ ತಮ್ಮ ಹಣೆಗೆ, ಅಂದರೆ ಪರದೆಯ ಕೆಳಗಿನ ಗುಂಡಗಿನ ಉಬ್ಬಿಗೆ, ಎಲ್ಲರಿಗಿಂತ ದೊಡ್ಡ ಬೊಟ್ಟನ್ನೇ ನೀರಿನಲ್ಲಿ ಕಲಸಿ ಇಟ್ಟೆ, ದಿನಾ ಬೆಳಿಗ್ಗೆ ಅದರ ಮೇಲೆ ಹೊಸತು ಇಟ್ಟೆ. ಲೆನ್ನಾರ್ಟ್ ಅವರು ಇದು ಭಾರತೀಯರ ಸುರಕ್ಷಾ ತಪಾಸಣೆಯೆಂದು ತಿಳಿದು ಹೆಲ್ಮೆಟ್ ತೆಗೆದು ಕೈಕಟ್ಟಿ ನಿಂತರು. ಗುನಿಲ್ಲಾ ಅವರು ಅಪ್ಪಚ್ಚಿಯಾದ ನಿಂಬೆಹಣ್ಣುಗಳನ್ನು ಭಕ್ತಿಯಿಂದ ಆಯ್ದು, ಹಸಿಕಸದ ಡಬ್ಬಿ ಎಲ್ಲಿದೆಯೆಂದು ಹೋಟೆಲಿನವರನ್ನು ವಿಚಾರಿಸಿದರು.

ಮೊದಲ ಮೂರು ದಿನ ಮುಂದೆ ಲೆನ್ನಾರ್ಟ್ ಅವರ ಬೆನ್ನಿದ್ದುದರಿಂದ ತಮ್ಮ ಅಗತ್ಯ ಬೀಳಲಿಲ್ಲ. ಗುರುವಾರ ಬ್ಲ್ವಾ ಊರಿನಲ್ಲಿ ತಾಂಬೂಲದ ಜೊತೆಗಿಡಲು ಬಾಳೆಹಣ್ಣು ಕೊಳ್ಳಬೇಕಾಗಿ ನಾನೊಬ್ಬನೇ ಹಿಂದೆ ಉಳಿದೆ. ಅದೂ ಅಲ್ಲದೆ ಹೆಣ್ಣು ಹೆತ್ತವನು ಬೀಗರನ್ನು ಮುಂದೆ ಕಳಿಸಿ ತಾನು ಹಿಂದೆ ಬರುವುದೇ ಚೆಂದ. ಲೆನ್ನಾರ್ಟ್ ಅವರು ಹೊರಡುವಾಗ, ನದಿ ಎಡಬದಿಗಿರುವಂತೆ ನೋಡಿಕೊಂಡು ಬಂದರೆ ಆಂಬ್ವಾಝ್ ತಾನಾಗಿ ಸಿಗುತ್ತದೆ ಎಂದರು. ಆದರೆ ನದಿಗೆ ನಾನು ಪೂಜೆ ಮಾಡಿರಲಿಲ್ಲ, ತಮಗೆ ಮಾಡಿದ್ದೆ. ಪೂಜೆ ಮಾಡಿದ ಮೇಲೆ ಅಪನಂಬಿಕೆ ತೋರಿದರೆ ಪಾಪ ಸುತ್ತಿಕೊಳ್ಳುತ್ತದೆ.

ತಮ್ಮ ಇತಿಹಾಸಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಸಮತಟ್ಟಾದ ದಂಡೆಯ ಮೇಲೆ ಹೋಗಬೇಕಾದವನನ್ನು ತಾವು ಮೊದಲು ಆ ಊರಿನ ದೊಡ್ಡ ಮೆಟ್ಟಿಲುಗಳ ಬುಡಕ್ಕೆ ಕರೆದೊಯ್ದು ‘ನೇರ ಮುಂದೆ’ ಎಂದು ಬಾಣ ತೋರಿಸಿದಿರಿ. ನಾನು ತೆಂಗಿನಕಾಯಿ ಸಮೇತ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿದೆ, ಕೆಳಗೆ ಕೂತಿದ್ದ ಇಬ್ಬರು ಮುದುಕರು ಚಪ್ಪಾಳೆ ತಟ್ಟಿದರು. ಆಮೇಲೆ ಸೇತುವೆ ದಾಟಿಸಿ, ಶೋಮೊಂ ಎಂಬಲ್ಲಿ ಗುಡ್ಡದ ಮೇಲೆ ಒಂದು ಕೋಟೆ ತೋರಿಸಿದಿರಿ. ಕೋಟೆ ಚೆನ್ನಾಗಿತ್ತು, ಬೀಗರು ಅಲ್ಲಿರಲಿಲ್ಲ. ಅಲ್ಲಿಗೂ ತೃಪ್ತರಾಗದೆ ಲ್ವಾರ್ ನದಿಯನ್ನೇ ಬೆನ್ನ ಹಿಂದೆ ಬಿಟ್ಟು, ದಿಬ್ಬ ಹತ್ತಿಸಿ ಇಳಿಸಿ, ಶೇರ್ ಎಂಬ ಇನ್ನೊಂದು ನದಿಯ ಕಣಿವೆಯನ್ನೂ ದಯಪಾಲಿಸಿ, ಮೊಂತ್ರಿಶಾರ್ ಊರಿನ ನೆತ್ತಿಯ ಮೇಲಿನ ಪಾಳು ಗೋಪುರದ ಬಾಗಿಲಲ್ಲಿ ನಿಲ್ಲಿಸಿದಿರಿ. ಒಂದು ನದಿ ಕೇಳಿದವನಿಗೆ ಎರಡು ನದಿ ಕೊಡುವ ಔದಾರ್ಯ ನನ್ನ ಅಂಗಡಿಯಲ್ಲಿ ನಾನೂ ತೋರಿಸಿಲ್ಲ, ಅನ್ನ ಕೇಳಿದವರಿಗೆ ಚಪಾತಿಯನ್ನೂ ಹೇರಿ, ಎರಡನ್ನೂ ತಿನ್ನುವ ತನಕ ಬಾಗಿಲು ಹಾಕಿಕೊಂಡಿಲ್ಲ.

ಈ ನಡುವೆ ಸುಲೋಚನಾಳ ಫೋನು. ಎಲ್ಲಿದ್ದೀರಿ ಎಂದಳು. ಎಲ್ಲಿದ್ದೇವೆಂದು ಗೊತ್ತಿಲ್ಲದಾಗ ನಾವು ಬೆಂಗಳೂರಿನ ಕಡೆಯವರು ಏನನ್ನುತ್ತೇವೋ ಅದನ್ನೇ ಅಂದೆ: ‘ಬಂದೇಬಿಟ್ಟೆ, ಐದೇ ನಿಮಿಷ.’ ನಮ್ಮಲ್ಲಿ ಐದು ನಿಮಿಷವೆಂದರೆ ಇನ್ನೂ ಬದುಕಿದ್ದೇನೆ, ಬರುವ ಮನಸ್ಸಿದೆ ಎಂದಷ್ಟೇ ಅರ್ಥ. ಅವನಿ ಅದನ್ನು ಸ್ವೀಡಿಷ್‌ನಲ್ಲಿ ಹಾಗ್ಹಾಗೇ ಬೀಗರಿಗೆ ಹೇಳಿಬಿಟ್ಟಳು. ಲೆನ್ನಾರ್ಟ್ ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಐದು ನಿಮಿಷಕ್ಕಾಗಿ ಊಟ ಹೇಳುವುದು ಅಗೌರವವೆಂದು ಎಲ್ಲರನ್ನೂ ಉಪವಾಸ ಕೂರಿಸಿದರಂತೆ. ಹನ್ನೊಂದೂವರೆಗೆಲ್ಲ ಉಣ್ಣುವ ಜನ, ಮಾನ್ಯರೇ. ಒಂದು ಗಂಟೆಯ ಹೊತ್ತಿಗೆ ಗುನಿಲ್ಲಾ ಅವರು ಸಕ್ಕರೆಯ ಪೊಟ್ಟಣ ಬಿಚ್ಚಿ ತಿಂದರಂತೆ. ಸುಲೋಚನಾ ಮತ್ತೆ ಫೋನು ಮಾಡಿ, ‘ನಿಮ್ಮ ಐದು ನಿಮಿಷ ನಂಗೆ ಗೊತ್ತು ಕಣ್ರೀ, ಅವರಿಗೆ ಗೊತ್ತಿಲ್ಲ. ಇಷ್ಟು ಕಾಯ್ಸೋ ಮನೆಯಿಂದ ಹೆಣ್ಣು ತರಬೇಕಾ ಅಂತ ಯೋಚಿಸ್ತಾರೆ. ಈಗ ನಿಜ ಹೇಳಿ’ ಎಂದಳು. ಗೋಪುರದ ಬುಡದಿಂದ ಎರಡನೆಯ ನದಿಯನ್ನು ನೋಡುತ್ತ ನಾನು ನಿಜ ಹೇಳಿದೆ. ಅವಳು ‘ಸರಿ, ಕೋಟೆ ನೋಡ್ಕೊಂಡೇ ಬನ್ನಿ’ ಎಂದು ಇಟ್ಟುಬಿಟ್ಟಳು.

ಆಮೇಲೆ ನಡೆದದ್ದನ್ನು ಫೋಟೋಗಳಲ್ಲಿ ನೋಡಿದ್ದೇನೆ. ಹೋಟೆಲಿನ ಗೋಡೆಗೆ ಹಬ್ಬಿದ್ದ ದ್ರಾಕ್ಷಿ ಬಳ್ಳಿಯಿಂದ ಸುಲೋಚನಾ ಎರಡು ಎಲೆ ಕಿತ್ತು, ಅಡಿಕೆಯ ಜಾಗಕ್ಕೆ ಅವನಿಯ ಚೀಲದಲ್ಲಿದ್ದ ಅಕ್ರೋಟು ಇಟ್ಟು, ತೆಂಗಿನಕಾಯಿಯ ಜಾಗಕ್ಕೆ ಅಡುಗೆಮನೆಯಿಂದ ಒಂದು ಕರಬೂಜದ ಹಣ್ಣು ಬೇಡಿ ತಂದು, ರಾಹುಕಾಲಕ್ಕೆ ನಿಜವಾಗಿಯೂ ಐದು ನಿಮಿಷ ಇರುವಾಗ ತಾಂಬೂಲ ಕೊಟ್ಟೇಬಿಟ್ಟಳು. ಇದನ್ನು ಸ್ವೀಕರಿಸಬೇಕು ಎಂದು ಅವನಿ ವಿವರಿಸಿದ್ದೇ ತಡ, ಹಸಿದಿದ್ದ ಲೆನ್ನಾರ್ಟ್ ಅವರು ದ್ರಾಕ್ಷಿ ಎಲೆಯನ್ನು ತೊಟ್ಟಿನ ಸಮೇತ ಅಗಿದು ನುಂಗಿ, ‘ಇಂತ್ರೆಸಾಂತ್’ ಎಂದರಂತೆ. ಸ್ವಾರಸ್ಯವಾಗಿದೆ ಎಂದು ಅದರರ್ಥ, ಬಾಯಿಗಿಟ್ಟದ್ದನ್ನು ಉಗುಳಲಾಗದಾಗ ಸ್ವೀಡನ್ನಿನವರು ಹೇಳುವ ಮಾತು. ನಾನು ಬಿಸಿಲು ಇಳಿಯುವ ಹೊತ್ತಿಗೆ ಬಾಡಿದ ವೀಳ್ಯದೆಲೆಯೊಂದಿಗೆ ತಲುಪಿದಾಗ ಎಲ್ಲರೂ ಐಸ್‌ಕ್ರೀಮ್ ತಿನ್ನುತ್ತಿದ್ದರು. ‘ಅಪ್ಪಾ, ಎಲ್ಲ ಡನ್. ಕೂತ್ಕೋ, ಫಸ್ಟ್ ನೀರು ಕುಡಿ’ ಎಂದಳು ಅವನಿ. ಗುನಿಲ್ಲಾ ಅವರು ನನ್ನ ಅಂಗಿಗೆ ಅಂಟಿದ್ದ ಮುಳ್ಳು ತೆಗೆದರು. ಯಾರೂ ಬೈಯಲಿಲ್ಲ. ಯಾರಾದರೂ ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಊರಿಗೆ ಮರಳಿ ತಮ್ಮನ್ನು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ಕೆಲಸಕ್ಕಿರುವ, ಪಕ್ಕದ ಊರಾದ ಮೋಲ್ನ್‌ಡಾಲ್‌ನಲ್ಲಿ ಬೆಳೆದ ಮಂಗಳೂರಿನವರ ಮಗಳು ಶರೋನ್ ಹಲ್ಲುಕಡ್ಡಿಯಿಂದ ಕೆರೆದು ನೋಡಿ, ನಾನು ಹಣೆಯೆಂದುಕೊಂಡದ್ದು ದಾರಿಯ ಬಗೆ ಆರಿಸುವ ಗುಂಡಿಯೆಂದೂ, ಕುಂಕುಮ ಒಣಗಿ ಅದು ಒತ್ತಿದಂತೆಯೇ ಕಚ್ಚಿಕೊಂಡು ‘ಐತಿಹಾಸಿಕ ಸ್ಥಳಗಳು, ಏರುದಾರಿ ಸಹಿತ’ ಎಂಬಲ್ಲಿಗೆ ಹೋಗಿ ನಿಂತಿತ್ತೆಂದೂ ತಿಳಿಸಿದಳು. ‘ಬೇಜಾರ್ ಮಾಡ್ಬೇಡಿ ಅಂಕಲ್, ನಮ್ಮ ಪಕ್ಕದ್ಮನೆ ಗೀತಾ ಆಂಟಿ ಹೊಸ ವಾಷಿಂಗ್ ಮಷೀನ್‌ಗೂ ಹೀಗೇ ಇಟ್ಟಿದ್ರು. ಅದು ಈಗ್ಲೂ ಬರೀ ಉಣ್ಣೆ ಬಟ್ಟೆ ಒಗೆಯುತ್ತೆ’ ಎಂದಳು. ಗ್ಯಾರಂಟಿ ಪತ್ರದಲ್ಲಿ ಧೂಳು, ಮಳೆ, ಮರಳು, ಹಿಮ ಎಲ್ಲವನ್ನೂ ತಾವು ತಡೆಯುತ್ತೀರೆಂದು ಬರೆದಿದೆ, ಕುಂಕುಮದ ಹೆಸರಿಲ್ಲ. ಹಿಮವನ್ನು ಸಹಿಸುವವರಿಗೆ ಮುತ್ತೈದೆಯರ ಡಬ್ಬಿಯಲ್ಲಿರುವ ಪುಡಿ ಸಹಿಸಲಾಗಲಿಲ್ಲವೆಂದರೆ ತಪ್ಪು ಯಾರದೆಂದು ತಾವೇ ತೀರ್ಮಾನಿಸಿ. ನಾನು ಆಗಲೇ ತೀರ್ಮಾನಿಸಿಯಾಗಿದೆ.

ಆದ್ದರಿಂದ ತಾವು ಮುಂದಿನ ಅವತಾರದಲ್ಲಿ ಹಣೆ ಎಲ್ಲಿ, ಗುಂಡಿ ಎಲ್ಲಿ ಎಂಬುದನ್ನು ಬೇರೆ ಬೇರೆ ಇಟ್ಟುಕೊಂಡು ಹುಟ್ಟಬೇಕು. ‘ಬೀಗರು ಕಾಯುತ್ತಿದ್ದಾರೆ’ ಎಂಬ ಹೊಸ ಬಗೆಯ ದಾರಿಯೊಂದನ್ನು ಕಲಿಯಬೇಕು. ಫ್ರಾನ್ಸಿನ ಹಳೆಯ ರಾಜರನ್ನು ಕಂಡು ಮಾತಾಡಿ, ಗುಡ್ಡದ ಮೇಲಿನ ಕೋಟೆಗಳನ್ನೆಲ್ಲ ನದಿಯ ಮಟ್ಟಕ್ಕೆ ಇಳಿಸಿಕೊಡಬೇಕು. ಇವು ಯಾವುವೂ ಆಗದಿದ್ದರೆ ಒಂದನ್ನಾದರೂ ನಡೆಸಿಕೊಡಿ. ಮೊಂತ್ರಿಶಾರ್ ಗೋಪುರದ ಬುಡದಲ್ಲಿ, ಫೋನು ಇಟ್ಟ ಮೇಲೆ, ನಾನು ಬಾಯಿಪಾಠ ಮಾಡಿದ್ದ ಆ ಮಾತನ್ನು ಒಂದಕ್ಷರ ತಪ್ಪದೆ, ದನಿ ನಡುಗದೆ ಗಟ್ಟಿಯಾಗಿ ಹೇಳಿದೆ. ಎದುರಿಗಿದ್ದವರು ತಾವೊಬ್ಬರೇ. ಅದನ್ನು ಕೇಳಿ ತಾವು ‘ಹಿಂದಕ್ಕೆ ತಿರುಗಿ’ ಎಂದಿರಿ. ಆಂಬ್ವಾಝ್‌ನಲ್ಲಿ ಬೀಗರ ಎದುರು ಅದನ್ನೇ ಹೇಳಹೋದರೆ ಬಾಯಿಗೆ ಬಂದದ್ದು ‘ತಡವಾಯಿತು, ಕ್ಷಮಿಸಿ’ ಎಂಬುದಷ್ಟೇ. ನನ್ನ ಮಾತು ಕೇಳಿದ ಏಕೈಕ ಸಾಕ್ಷಿ ತಾವು. ದಯಮಾಡಿ ಲೆನ್ನಾರ್ಟ್ ಅವರ ಮನೆಗೆ ಹೋಗಿ, ಹೆಣ್ಣಿನ ತಂದೆ ಮಾತು ಬಾರದವನಲ್ಲ, ಚೆನ್ನಾಗಿಯೇ ಕೇಳಿಕೊಂಡ, ಗುಡ್ಡದ ಮೇಲೆ ಕೇಳಿಕೊಂಡ ಎಂದು ಒಂದು ಮಾತು ತಿಳಿಸಿ ಬನ್ನಿ.

ಇಂತು, ತಾವು ಬಾಣ ತೋರಿದಲ್ಲೆಲ್ಲ ಹತ್ತಿದ, ಇನ್ನೂ ಮಂಡಿ ಮಡಚಲಾರದ
ತಮ್ಮ ವಿಶ್ವಾಸಿ,
ಬಿ. ರಾಮಮೂರ್ತಿ

ತಾ.ಕ.: ಮದುವೆ ಬರುವ ಆಗಸ್ಟಿನಲ್ಲಿ, ಮೋಲ್ನ್‌ಡಾಲ್‌ನಲ್ಲಿ. ತಮಗೂ ಆಹ್ವಾನವಿದೆ. ವಿಳಾಸ ಬರೆಯುವುದಿಲ್ಲ, ತಾವೇ ದಾರಿ ಹುಡುಕಿಕೊಂಡು ಬರಬೇಕು. ಈ ಪತ್ರ ತಲುಪಿದ ಕೂಡಲೇ ಹೊರಟರೆ ಸೀಮಂತದ ಊಟಕ್ಕಾದರೂ ಸಿಗುತ್ತೀರಿ.