ಒಗೆದ ಬಾವಿಗಳು

ಟ್ರೇಸರ್ ಕೋನಪ್ಪನ ಮನೆಯಲ್ಲಿ ದುಡ್ಡು ಕೊಟ್ಟು ಕರ್ಚೀಫು ತಂದದ್ದು ಯಾರಿಗೂ ನೆನಪಿಲ್ಲ. ನಕ್ಷೆ ಬರೆಯುವ ಟ್ರೇಸಿಂಗ್ ಬಟ್ಟೆ ಮೇಲ್ನೋಟಕ್ಕೆ ಕಾಗದದಂತೆ ಬಿರುಸು. ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದರೆ ಗಂಜಿಯ ಜೊತೆ ಶಾಯಿಯೂ ಬಿಟ್ಟುಹೋಗಿ ನಯವಾದ ಹತ್ತಿ ಬಟ್ಟೆ ಉಳಿಯುತ್ತದೆ. ಕೆಟ್ಟ ಹಾಳೆಗಳನ್ನು ಟ್ರೇಸರುಗಳು ಸುತ್ತಿ, ದಾರ ಕಟ್ಟಿ ಮನೆಗೆ ತರುವುದೂ ಹೆಂಡತಿಯರು ಅದನ್ನು ಒಗೆದು ಮಕ್ಕಳಿಗೆ ಅಂಗಿ ಹೊಲಿಯುವುದೂ ಗೌರಿಬಿದನೂರಿನ ಸರ್ವೆ ಕಚೇರಿಯಲ್ಲಿ ನಡೆದುಬಂದ ಪದ್ಧತಿ. ಮೇಲಿನವರು ಆಕ್ಷೇಪಿಸುತ್ತಿರಲಿಲ್ಲ. ಅವರ ಮಕ್ಕಳಿಗೂ ಅಂಗಿ ಬೇಕಾಗಿತ್ತು.

ಅರವತ್ತೊಂದನೇ ಇಸವಿಯಲ್ಲಿ ಊರಿಗೆ ನಲ್ಲಿ ನೀರು ತರುವ ಮಾತು ಎದ್ದಿತು. ಕೋನಪ್ಪ ಮೂರು ತಿಂಗಳು ಕೂತು ಮೂರು ಹಾಳೆ ಬರೆದ: ಒಂದರಲ್ಲಿ ಬೀದಿ, ಒಂದರಲ್ಲಿ ಮನೆ, ಇನ್ನೊಂದರಲ್ಲಿ ಚುಕ್ಕೆ ಇಟ್ಟು ಬಾವಿ. ಒಂದರ ಮೇಲೊಂದು ಹಾಸಿ ಗಾಜಿನ ಮೇಜಿನ ಕೆಳಗೆ ದೀಪ ಹಾಕಿದರೆ ಇಡೀ ಊರು ಒಟ್ಟಿಗೆ ಕಾಣುತ್ತಿತ್ತು. ಮನೆಗಳು ಬೇಡವೆಂದರೆ ಆ ಹಾಳೆ ಎತ್ತಿದರಾಯಿತು, ಬೀದಿಯಲ್ಲಿ ಬರೀ ಬಾವಿ ಉಳಿಯುತ್ತಿತ್ತು. ಇದನ್ನು ನೋಡಲು ಒಂದು ಶನಿವಾರ ಬೆಂಗಳೂರಿನಿಂದ ಸಾಹೇಬರು ಮಧ್ಯಾಹ್ನದ ರೈಲಿಗೆ ಬರುವವರಿದ್ದರು. ಅವರು ಒಪ್ಪಿದರೆ ಆರು ವರ್ಷದಿಂದ ಟೆಂಪರರಿಯಾಗಿದ್ದ ಕೋನಪ್ಪನ ಕೆಲಸ ಕಾಯಂ ಆಗುವುದಿತ್ತು. ಈ ವಿಷಯ ಅವನು ಹೆಂಡತಿ ಅನಸೂಯಾಳಿಗೆ ಹೇಳಿದ್ದ, ಆದ್ದರಿಂದ ಬೀದಿಗೆಲ್ಲ ಗೊತ್ತಿತ್ತು.

ಊರಿನ ಹೆಸರು ದಪ್ಪ ಅಕ್ಷರದಲ್ಲಿ ಬರೆಯುವುದಕ್ಕೆಂದು ಹಾಳೆಗಳನ್ನು ಮನೆಗೆ ತಂದಿದ್ದ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ನಕ್ಷೆ ಇಡುವ ತಗಡಿನ ಕೊಳವೆಯಲ್ಲಿ ಎರಡೇ ಇದ್ದವು.

"ಅನಸೂಯಾ, ಗೂಡಲ್ಲಿ ದಾರ ಕಟ್ಟಿ ಇಟ್ಟಿದ್ನಲ್ಲ, ಎಲ್ಲೇ ಅದು?"

"ಒಣಗ್ತಾ ಐತೆ."

ಹಿತ್ತಲಿನ ತಂತಿಯ ಮೇಲೆ ಊರಿನ ಬಾವಿಗಳ ಹಾಳೆ ಬೆಳ್ಳಗೆ ಗಾಳಿಗೆ ಆಡುತ್ತಿತ್ತು. ಒಂದು ಚುಕ್ಕೆಯೂ ಉಳಿದಿರಲಿಲ್ಲ.

"ಅದು ಕೆಟ್ಟಿದ್ದಲ್ಲ ಕಣೇ. ಕೊಳವೇಲಿ ಜಾಗ ಸಾಲ್ದು ಅಂತ ದಾರ ಕಟ್ಟಿದ್ದೆ."

"ದಾರ ಕಟ್ಟಿದ್ರೆ ಒಗೀತೀನಿ. ಆರು ವರ್ಷದಿಂದ ಮಾಡ್ತಿರೋದು ಅದೇ ತಾನೆ?"

ಈ ಮಾತಿನಲ್ಲಿ ತಪ್ಪು ಹುಡುಕಲು ಕೋನಪ್ಪ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಸಿಗಲಿಲ್ಲ. ಕಚೇರಿಗೆ ಓಡಿ ಹೊಸ ಬಟ್ಟೆ ತಂದ. ಹಲಗೆಯ ಮೇಲೆ ಬೀದಿಯ ಹಾಳೆ ಹಾಸಿ, ಅದರ ಮೇಲೆ ಹೊಸದನ್ನು ಮೊಳೆ ಒತ್ತಿ, ಶಾಯಿ ಬಾಟಲಿ ಹಿಡಿದು ಹೊರಟ. ಸರಪಳಿ ಹಿಡಿದು ಅಳೆದದ್ದನ್ನು ಈಗ ಕಣ್ಣಳತೆಯಲ್ಲಿ ಬರೆಯಬೇಕಾಗಿತ್ತು.

ಎದುರು ಮನೆಯ ಜಗಲಿಯಲ್ಲಿ ವೆಂಕಟರವಣಪ್ಪ ಕೂತಿದ್ದರು. ಪೋಸ್ಟ್‌ಮನ್ ಕೆಲಸದಿಂದ ರಿಟೈರ್ ಆದಮೇಲೆ ಊರಿನ ಕಾಗದ ಬಿಟ್ಟು ಊರಿನ ವಿಷಯ ಹಂಚುತ್ತಿದ್ದರು.

"ಎಲ್ಲಿಗಪ್ಪಾ, ಹಲಗೆ ಎತ್ಕೊಂಡು?"

"ಬಾವಿ ಗುರುತು ಹಾಕೋಕೆ ಸಾರ್."

"ನನ್ನ ಬಿಟ್ಟು ಹೋಗ್ತೀಯಾ? ಇಲ್ಲಿ ನಾನು ನೀರು ಕುಡೀದಿರೋ ಬಾವಿ ಯಾವುದೈತೆ? ನಡಿ, ನಾನೂ ಬರ್ತೀನಿ."

ಬೇಡವೆನ್ನಲು ಪುರುಸೊತ್ತಿರಲಿಲ್ಲ. ಮೊದಲನೆಯ ಬೀದಿ ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ತನ್ನ ಬಾವಿಯಿಂದ ನೀರು ಸೇದುತ್ತಿದ್ದ ಅಕ್ಕಯ್ಯಮ್ಮ ಕೊಡ ಇಳಿಸಿ, "ಇದೇನಕ್ಕಪ್ಪಾ ಚುಕ್ಕೆ?" ಎಂದಳು. ಕೋನಪ್ಪ ಬಾಯಿ ತೆರೆಯುವ ಮುಂಚೆ ವೆಂಕಟರವಣಪ್ಪ, "ಚುಕ್ಕೆ ಬಿದ್ದ ಮನೆ ಮುಂದೆ ನಲ್ಲಿ ಬರ್ತದೆ ಕಣಮ್ಮ" ಎಂದರು. ಅವರಿಗೆ ಗೊತ್ತಿರಲಿಲ್ಲ, ಆದರೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸವಿರಲಿಲ್ಲ.

ಮೂರನೆಯ ಬೀದಿಗೆ ಕಾಲಿಡುವಷ್ಟರಲ್ಲಿ ಮನೆಗೊಂದು ಬಾವಿ ಹುಟ್ಟಿತ್ತು. ನರಸಿಂಹಪ್ಪ ಸುಣ್ಣ ನೆನೆಹಾಕುವ ಗುಂಡಿಯ ಮುಂದೆ ಕೋನಪ್ಪನ ತೋಳು ಹಿಡಿದು ನಿಲ್ಲಿಸಿದ.

"ಇದರಲ್ಲಿ ನೀರೆಲ್ಲಿ ಐತಪ್ಪಾ?"

"ಮಳೆಗಾಲದಲ್ಲಿ ಬಂದು ನೋಡು."

ಇನ್ನೊಬ್ಬರು ಹಸುವಿಗೆ ಕಲಗಚ್ಚು ಹಾಕುವ, ನೆಲದಲ್ಲಿ ಹೂತ ಬಾನಿ ತೋರಿಸಿದರು. ಜಗಳಕ್ಕೆ ನಿಂತರೆ ರೈಲು ಬಂದುಬಿಡುತ್ತದೆ. ಕೋನಪ್ಪ ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ಚುಕ್ಕೆ ಇಟ್ಟ. ಹಿಂದೆ ಜನ ಸೇರಿ ಹಲಗೆಯ ಮೇಲೆ ಬೀಳುವಂತಾಯಿತು. ಅವರನ್ನು ಚೆದುರಿಸಲು ವೆಂಕಟರವಣಪ್ಪ ಒಂದು ಉಪಾಯ ಮಾಡಿದರು.

"ಯಾಕ್ರಪ್ಪಾ ಮೇಲೆ ಬೀಳ್ತೀರ? ನಲ್ಲಿ ಬಂದ್ಮೇಲೆ ಚುಕ್ಕೆ ಬಿದ್ದ ಬಾವಿಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿಸ್ತಾರೆ."

ಜನ ಚೆದುರಿತು. ಆದರೆ ಅಲ್ಲಿಂದ ಮುಂದೆ ಊರಿನಲ್ಲಿ ಬಾವಿಗಳೇ ಇಲ್ಲವಾದವು. ಒಂದರ ಬಾಯಿಗೆ ಹಲಗೆ ಹೊದಿಸಿ ಹುಲ್ಲಿನ ಹೊರೆ ಇಟ್ಟಿದ್ದರು. ಇನ್ನೊಂದರ ಮೇಲೆ ಮಂಚ ಹಾಕಿ ಅಜ್ಜನನ್ನು ಮಲಗಿಸಿದ್ದರು. ಅಜ್ಜ ಕೆಳಗಿನ ತಂಪಿಗೆ ನಿಜವಾಗಿಯೂ ನಿದ್ದೆ ಹೋಗಿದ್ದ. ಅಷ್ಟರಲ್ಲಿ ಅಕ್ಕಯ್ಯಮ್ಮ ಓಡಿಬಂದಳು.

"ನಮ್ಮನೆ ಚುಕ್ಕೆ ತೆಗೆಯಪ್ಪಾ, ನಿನ್ ಕಾಲಿಗೆ ಬೀಳ್ತೀನಿ. ಅದು ಸಿಹಿನೀರು."

ಕೋನಪ್ಪ ಬ್ಲೇಡಿನಿಂದ ಕೆರೆದು ತೆಗೆದ. ಅವಳ ಹಿಂದೆ ಇನ್ನೂ ಹಲವರಿದ್ದರು, ಅವರದ್ದನ್ನೂ ತೆಗೆದ. ನರಸಿಂಹಪ್ಪ ಮಾತ್ರ ಬರಲಿಲ್ಲ. ಸರ್ಕಾರದ ಖರ್ಚಿನಲ್ಲಿ ಗುಂಡಿ ಮುಚ್ಚಿದರೆ ಅವನಿಗೇನೂ ನಷ್ಟವಿರಲಿಲ್ಲ. ಕೊನೆಗೆ ಇಲ್ಲದೆಯೂ ಚುಕ್ಕೆ ಬಿದ್ದ ಬಾವಿಗಳು, ಇದ್ದೂ ಚುಕ್ಕೆ ಬೀಳದ ಬಾವಿಗಳು ಹೆಚ್ಚುಕಡಿಮೆ ಸಮನಾದವು. ಒಟ್ಟು ಲೆಕ್ಕ ಸರಿಹೋಯಿತಲ್ಲ ಎಂದು ಕೋನಪ್ಪ ಸಮಾಧಾನ ಮಾಡಿಕೊಂಡು ಕಚೇರಿಗೆ ಓಡಿದ.

ಸಾಹೇಬರು ಹಾಳೆಗಳನ್ನು ಒಂದೊಂದಾಗಿ ಗಾಜಿನ ಮೇಲೆ ಹಾಸಿದರು. ಒಂದು ಬಾವಿಯೂ ನಡುಬೀದಿಯಲ್ಲಿರಲಿಲ್ಲ, ಒಂದೂ ಯಾರ ಅಡುಗೆಮನೆಯೊಳಗೂ ಬಿದ್ದಿರಲಿಲ್ಲ. ಸಾಹೇಬರು ಬಹಳ ಹೊತ್ತು ಬಗ್ಗಿ ನೋಡಿ ಕನ್ನಡಕ ತೆಗೆದರು.

"ಕೈ ಚೆನ್ನಾಗಿದೆ ಕಣ್ರೀ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರೂ ಬಾಕಿ ಇದೆ. ನಿಮ್ಮನ್ನ ಕಾಯಂ ಮಾಡೋಕೆ ಇವತ್ತೇ ಬರೀತೀನಿ."

ಅವರು ಪೆನ್ನು ತೆಗೆಯುತ್ತಿದ್ದಂತೆ ಬಾಗಿಲಲ್ಲಿ ವೆಂಕಟರವಣಪ್ಪ ಕಾಣಿಸಿಕೊಂಡರು. ಕೈಯಲ್ಲಿ ನಂದಿಯ ದ್ರಾಕ್ಷಿಯ ಬುಟ್ಟಿ. ತಾವೊಂದು ಮಾತು ಹೇಳಿದರೆ ಹುಡುಗನಿಗೆ ಒಳ್ಳೆಯದಾದೀತೆಂದು ಬಂದಿದ್ದರು.

"ಸ್ವಾಮಿ, ಇಂಥ ಕೆಲಸಗಾರನ್ನ ನಾನು ನೋಡ್ಲಿಲ್ಲ. ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಇಡೀ ಊರು ಮುಗಿಸಿಬಿಟ್ಟ. ನಾನೇ ಜೊತೇಲಿದ್ದೆ."

ಸಾಹೇಬರು ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. ಬೆರಳು ಕಪ್ಪಾಯಿತು.

"ನಿಜವೇನ್ರೀ, ಕೋನಪ್ಪ?"

ಅಲ್ಲವೆಂದರೆ ಮೂರು ತಿಂಗಳಿನ ಹಾಳೆ ಎಲ್ಲಿ ಎನ್ನುತ್ತಾರೆ. ಸರ್ಕಾರದ ನಕ್ಷೆಯನ್ನು ಹೆಂಡತಿ ಒಗೆದು ಒಣಹಾಕಿದ್ದಾಳೆಂದು ಯಾವ ಬಾಯಲ್ಲಿ ಹೇಳುವುದು? ಕೋನಪ್ಪ, "ಹೌದು ಸಾರ್" ಎಂದ.

"ಭೇಷ್" ಎಂದರು ಸಾಹೇಬರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಒಂದೊಂದು ಊರಿಗೆ ಮೂರು ತಿಂಗಳು ಬೇಕು ಅಂತ ನಿಮ್ಮ ಕಚೇರಿಯವರು ಬರೆದಿದ್ರು, ಅದಕ್ಕೇ ಕಾಯಂ ಮಾಡೋ ಯೋಚನೆ ಬಂದಿದ್ದು. ಈಗ ಅದರ ಅವಶ್ಯಕತೆಯೇ ಇಲ್ಲ. ಸೋಮವಾರ ಚಿಕ್ಕಬಳ್ಳಾಪುರ, ಮಂಗಳವಾರ ಶಿಡ್ಲಘಟ್ಟ, ಬುಧವಾರ ಚಿಂತಾಮಣಿ ಮುಗಿಸಿಬಿಡಿ. ಗುರುವಾರ ನಿಮ್ಮನ್ನ ಕೆಲಸದಿಂದ ಬಿಡುಗಡೆ ಮಾಡಿಬಿಡ್ತೀವಿ."

ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು.

ಹೊರಗೆ ಬಂದಮೇಲೆ ವೆಂಕಟರವಣಪ್ಪ ಕೋನಪ್ಪನ ಬೆನ್ನು ತಟ್ಟಿದರು. ಮೂರು ಊರಿನ ಹೆಸರು ಕೇಳಿಯೇ ಅವರಿಗೆ ಹೊಟ್ಟೆ ತುಂಬಿತ್ತು.

"ನಾನು ಬರದೇ ಇದ್ದಿದ್ರೆ ನಿನ್ ಬೆಲೆ ಅವ್ರಿಗೆ ಗೊತ್ತಾಗ್ತಾನೇ ಇರ್ಲಿಲ್ಲ ಕಣಪ್ಪಾ. ಸೋಮವಾರ ಎಷ್ಟು ಹೊತ್ತಿಗೆ ಹೊರಡೋಣ?"