ಹೆಣದ ಪಾತ್ರಕ್ಕೆ ಜೀವ ತುಂಬಿದ್ದು

"ಅಭಿನಯ ಅಂದ್ರೆ ಏನು ಅಂತ ಈ ವಾರ ಎಲ್ಲರಿಗೂ ತೋರಿಸಿಬಿಡ್ತೀನಿ!" ಎಂದು ಯಜಮಾನರು ಎದೆ ತಟ್ಟಿಕೊಂಡು ಹೇಳಿದಾಗ, ಆ ಎದೆಯ ಪಕ್ಕೆಲುಬುಗಳೆಲ್ಲ ಇನ್ನೂ ಸುಸ್ಥಿತಿಯಲ್ಲಿದ್ದವು.

ಯಜಮಾನರೆಂದರೆ ಕನ್ನಡಕದಂಗಡಿಯ ಯಜಮಾನರು. ಅಂಗಡಿಯಲ್ಲಿ ಅದು ಅವರ ಹುದ್ದೆ. ಮನೆಯಲ್ಲಿ ಬರೀ ಮರ್ಯಾದೆಯ ಮಾತು. ಅವರ ಹೆಂಡತಿಗೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಕಂಡರೆ ಬಿಳಿಚಿಕೊಳ್ಳುವವರ ಗಮನ ಬೇರೆಡೆ ಹೋಗಲೆಂದು ಸಣ್ಣಗೆ ಹಾಡುತ್ತಾ ಚುಚ್ಚುವುದು ಆಕೆಯ ಅಭ್ಯಾಸ. ಹಾಗೆ ಚುಚ್ಚಿಸಿಕೊಂಡವರಲ್ಲೊಬ್ಬರು, "ಇಂಥ ಗಂಟಲು ಇಟ್ಕೊಂಡು ಇಲ್ಯಾಕಮ್ಮ ಕೂತಿದ್ದೀರಿ?" ಎಂದು ಟೀವಿಯ ಹಾಡಿನ ಸ್ಪರ್ಧೆಗೆ ತಾವೇ ಆಕೆಯ ಹೆಸರು ಕೊಟ್ಟರು. ಸುತ್ತಿನ ಮೇಲೆ ಸುತ್ತು ದಾಟಿ ಆಕೆ ಈಗ ಕೊನೆಯ ಐವರಲ್ಲಿ ಒಬ್ಬಳು.

ಕಂಟಕ ಬಂದದ್ದು ಈ ವಾರ. ಬರೀ ಹಾಡಿದರೆ ಸಾಲದಂತೆ. ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ಒಂದು ದೃಶ್ಯ ಅಭಿನಯಿಸಿ, ಅದರೊಳಗಿಂದಲೇ ಹಾಡು ಎತ್ತಿಕೊಳ್ಳಬೇಕಂತೆ. ಅಭಿನಯಕ್ಕೂ ಅಂಕ. ಹಿಂದೆ ಬಿದ್ದವರು ಮನೆಗೆ.

"ರೀ, ನನಗೆ ಸುಳ್ಳು ನಗು ನಗೋಕೇ ಬರಲ್ಲ. ಇನ್ನು ಅಭಿನಯ ಎಲ್ಲಿಂದ ತರಲಿ?" ಎಂದು ಹೆಂಡತಿ ತಲೆ ಮೇಲೆ ಕೈ ಹೊತ್ತಳು.

"ನಾನಿಲ್ವೇನೇ?" ಎಂದರು ಯಜಮಾನರು.

ಅವರೂ ಕಲಾವಿದರೇ. ಕಾಲೇಜಿನ ನಾಟಕದಲ್ಲಿ ಈಟಿ ಹಿಡಿದು ನಿಂತು, "ಅಪ್ಪಣೆ, ಮಹಾಪ್ರಭು" ಎಂದಿದ್ದರು. ಅದನ್ನು ಎಂಥ ಗಾಂಭೀರ್ಯದಿಂದ ಹೇಳಿದರೆಂದರೆ ಮಹಾಪ್ರಭುವಿಗೆ ತನ್ನ ಮಾತೇ ಮರೆತುಹೋಯಿತಂತೆ. ಮಹಾಪ್ರಭು ಇನ್ನೂ ರಂಗದ ಮೇಲೆ ಬಂದೇ ಇರಲಿಲ್ಲ ಎಂದು ಆ ನಾಟಕ ನೋಡಿದವರೊಬ್ಬರು ಹೇಳುತ್ತಾರೆ. ಅಸೂಯೆ ಯಾರನ್ನು ಬಿಟ್ಟಿದೆ?

ಅಷ್ಟರಲ್ಲಿ ಕಾರ್ಯಕ್ರಮದ ನಿರ್ದೇಶಕನ ಫೋನು ಬಂತು.

"ಆಸ್ಪತ್ರೆ ದೃಶ್ಯ ಸರ್. ಹೆಂಡತಿ ಓಡಿ ಬರ್ತಾರೆ. ಅಷ್ಟರಲ್ಲಿ ಗಂಡ ಹೋಗಿರ್ತಾನೆ."

"ಎಲ್ಲಿಗೆ?"

"ಮೇಲಕ್ಕೆ ಸರ್."

ಯಜಮಾನರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ನನ್ನ ಡೈಲಾಗು?"

"ಸತ್ತವರಿಗೆ ಡೈಲಾಗ್ ಇರಲ್ಲ ಸರ್."

"ಕೊನೇ ಉಸಿರಲ್ಲಿ ಒಂದೇ ಒಂದು ಮಾತು..."

"ಪರದೆ ಏಳೋ ಹೊತ್ತಿಗೇ ನೀವು ಹೋಗಿರ್ತೀರಿ ಸರ್."

ಫೋನಿಟ್ಟ ಮೇಲೆ ಯಜಮಾನರು ಮುಖ ಸಣ್ಣದು ಮಾಡಿಕೊಂಡು ಕೂತರು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಖ ಮತ್ತೆ ಮೊದಲಿನ ಅಳತೆಗೆ ಬಂತು.

"ಸುಮ್ನೆ ಮಲಗೋದು ಯಾರಿಗೆ ಬೇಕಾದ್ರೂ ಬರುತ್ತೆ. ಸತ್ತು ಮಲಗೋದಿದೆಯಲ್ಲ, ಅದು ವಿದ್ಯೆ! ನೋಡ್ತಾ ಇರು, ಈ ಪಾತ್ರಕ್ಕೆ ಜೀವ ತುಂಬ್ತೀನಿ!"

"ಅದೊಂದು ಮಾತ್ರ ಮಾಡಬೇಡಿ. ಹೆಣದ ಪಾತ್ರ ಅದು."

ದಿನಾ ಸಂಜೆ ತಾಲೀಮು ನಡೆಯಿತು. ಯಜಮಾನರು ಸೋಫಾದ ಮೇಲೆ ಸಾಯುವುದು, ಹೆಂಡತಿ ಅಡುಗೆಮನೆಯಿಂದ ಓಡಿಬಂದು, "ಸ್ವಲ್ಪ ಕಾಯಬಾರದಿತ್ತೇ?" ಎನ್ನುವುದು. ಆಕೆ ಅದನ್ನು ಹೇಳುತ್ತಿದ್ದ ಧಾಟಿ ಮಾತ್ರ, ಲ್ಯಾಬಿಗೆ ಬಂದವರಿಗೆ "ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ" ಎನ್ನುವಾಗಿನದೇ. ಸತ್ತ ಗಂಡನ ಕೈ ಹಿಡಿದು ದುಃಖಿಸು ಎಂದರೆ, ಕೈ ಹಿಡಿದವಳೇ ಮೊಣಕೈ ಮಡಿಕೆಯಲ್ಲಿ ತಟ್ಟಿ ನರ ಹುಡುಕುತ್ತಿದ್ದಳು.

ಯಜಮಾನರು ಒಂದು ಕಣ್ಣು ಬಿಟ್ಟು, "ಗಂಟಲಿಂದ ಬೇಡ, ಕರುಳಿಂದ ಹೇಳು" ಎನ್ನುವರು.

"ಹೆಣ ಮಾತಾಡಬಾರದು."

"ಈಗ ಮಾತಾಡ್ತಿರೋದು ಹೆಣ ಅಲ್ಲ, ನಿನ್ನ ಗುರು."

"ಗುರುಗಳು ಒಂಚೂರು ಕಾಲು ಮಡಚಿಕೊಂಡ್ರೆ ನಾನೂ ಕೂತ್ಕೋತೀನಿ."

ಸಾಧನೆ ಅಂಗಡಿಗೂ ಹಬ್ಬಿತು. ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ದೀಪ ಆರಿಸಿ, ಅವನ ಹಿಂದಿನ ಕುರ್ಚಿಯಲ್ಲಿ ಯಜಮಾನರು ತೀರಿಕೊಂಡರು. ಗಿರಾಕಿ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಓದಿದ, ಮತ್ತೆ ಕೆಳಗಿಂದ ಮೇಲಕ್ಕೂ ಓದಿದ. "ಸರಿಯಾಗಿ ಓದಿದ್ನಾ ಸರ್?" ಎಂದು ಕೇಳಿದ. ಉತ್ತರ ಬರಲಿಲ್ಲ. ಎದ್ದು ಎದುರಿನ ಅಂಗಡಿಗೆ ಹೋದ. ಯಜಮಾನರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ತಾವು ಬದುಕಿದ್ದೇವೆಂಬ ಅನುಮಾನವೇ ಅವನಿಗೆ ಬರಲಿಲ್ಲವಲ್ಲ ಎಂದು ಹಿಗ್ಗಿದರು.

ಭಾನುವಾರ ಬೆಳಿಗ್ಗೆ ಹೆಂಡತಿಗೆ ಲ್ಯಾಬಿನಲ್ಲಿ ಪಾಳಿ. ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ವಾಕಿಂಗ್ ಹೋಗಿದ್ದರು. ಮನೆ ಖಾಲಿ. ಯಜಮಾನರು ಮುಖಕ್ಕೆ ಪೌಡರ್ ಮೆತ್ತಿಕೊಂಡು, ತುಟಿಗೂ ಒಂದಿಷ್ಟು ಬಳಿದುಕೊಂಡು, ಬಿಳಿ ಚಾದರವನ್ನು ಕುತ್ತಿಗೆವರೆಗೆ ಎಳೆದುಕೊಂಡು ಸೋಫಾದ ಮೇಲೆ ಪೂರ್ಣಪ್ರಮಾಣದಲ್ಲಿ ಸತ್ತರು.

ಆಗಲೇ ಅತ್ತೆಯವರು ಮರಳಿದ್ದು. ಅವರ ಕನ್ನಡಕ ಗಾಜು ಬದಲಾಯಿಸಲೆಂದು ಅಳಿಯನ ಅಂಗಡಿಯಲ್ಲೇ ಇತ್ತು. ಅಳಿಯ "ನಾಳೆ ಕೊಡ್ತೀನಿ ಅತ್ತೆ" ಎನ್ನುತ್ತಲೇ ಇದ್ದರು.

"ಅಳಿಯಂದ್ರೇ, ತಿಂಡಿ ಆಯ್ತಾ?"

ಮಾತಿಲ್ಲ. ಅತ್ತೆಯವರು ಹತ್ತಿರ ಬಂದು ಭುಜ ಅಲ್ಲಾಡಿಸಿದರು. ಯಜಮಾನರ ಒಳಗೆ ಆನಂದ ಉಕ್ಕಿತು. ಪ್ರೇಕ್ಷಕರು! ಕನ್ನಡಕವಿಲ್ಲದ ಪ್ರೇಕ್ಷಕರನ್ನು ಮೆಚ್ಚಿಸುವುದು ಅಷ್ಟೇನೂ ಕಷ್ಟವಲ್ಲ ಎಂಬುದು, ಕನ್ನಡಕ ಮಾರುವ ಅವರಿಗೆ ಹೊಳೆಯಲಿಲ್ಲ. ಅತ್ತೆಯವರು ಮೂಗಿನ ಹತ್ತಿರ ಬೆರಳು ಹಿಡಿದರು. ಯಜಮಾನರು ಉಸಿರು ಕಟ್ಟಿದರು.

ಮುಂದಿನದೆಲ್ಲ ಸರಸರನೆ ನಡೆಯಿತು. ಅತ್ತೆಯವರು ಮಗಳಿಗೆ ಫೋನು ಮಾಡಿ, "ನಿನ್ನ ಗಂಡ ಹೋಗ್ಬಿಟ್ರು ಕಣೇ!" ಎಂದು ಕಿರುಚಿದರು. ಆ ಕಿರುಚಾಟಕ್ಕೆ ಪಕ್ಕದ ಮನೆಯ ಡ್ರಿಲ್ ಮಾಸ್ತರು ಓಡಿಬಂದರು. ಶಾಲೆಯಿಂದ ನಿವೃತ್ತರಾದವರು, ಪ್ರಥಮ ಚಿಕಿತ್ಸೆ ಕಲಿತವರು, ಕಲಿತದ್ದನ್ನು ಪ್ರಯೋಗಿಸಲು ಇಷ್ಟು ಕಾಲ ಒಬ್ಬ ಮನುಷ್ಯನೂ ಸಿಗದೆ ಕೊರಗಿದವರು.

"ದೂರ ಸರೀರಿ!" ಎಂದು ಅವರು ಗರ್ಜಿಸಿದರು.

ಎದ್ದುಬಿಡಲೇ ಎಂದು ಯಜಮಾನರು ಯೋಚಿಸಿದರು. ಆದರೆ ಇನ್ನೊಬ್ಬ ಪ್ರೇಕ್ಷಕ ಬಂದಿರುವಾಗ ನಡುವೆ ಏಳುವುದು ಕಲೆಗೆ ಅವಮಾನವಲ್ಲವೇ? ಈ ಜಿಜ್ಞಾಸೆ ಮುಗಿಯುವಷ್ಟರಲ್ಲಿ ಮಾಸ್ತರ ಎರಡೂ ಅಂಗೈ ಅವರ ಎದೆಯ ಮೇಲೆ ಬಂದು ಕೂತಿದ್ದವು.

"ಒಂದ್! ಎರಡ್!"

ಮೂರಕ್ಕೆ ಒಳಗೆಲ್ಲೋ ಟಕ್ ಎಂದಿತು. ಯಜಮಾನರು ಊಳಿಟ್ಟರು.

"ಬದುಕಿಸಿದೆ!" ಎಂದರು ಮಾಸ್ತರು, ಹಣೆಯ ಬೆವರು ಒರೆಸಿಕೊಳ್ಳುತ್ತಾ. ಅವರ ಪ್ರಕಾರ ಇವತ್ತಿಗೂ ಅದೇ ನಿಜ.

ಹೆಂಡತಿ ಬಂದಳು. ಮೈಮೇಲೆ ಲ್ಯಾಬಿನ ಕೋಟು, ಕೈಯಲ್ಲಿ ಇನ್ನೂ ಗ್ಲೌಸು, ಕಾಲಲ್ಲಿ ಒಂದೊಂದು ಜೋಡಿಯ ಒಂದೊಂದು ಚಪ್ಪಲಿ. ಬಾಗಿಲಲ್ಲೇ ನಿಂತು ನೋಡಿದಳು. ಗಂಡ ಬಿಳಿ ಮುಖ ಹೊತ್ತು, ಎದೆ ಹಿಡಿದುಕೊಂಡು, ಎದ್ದು ಕೂತಿದ್ದ.

"ಎಷ್ಟು ಸಹಜವಾಗಿತ್ತು ಅಂದ್ರೆ ನಿಮ್ಮಮ್ಮನೇ ನಂಬಿಬಿಟ್ರು ಕಣೇ" ಎಂದರು ಯಜಮಾನರು, ನೋವಿನಲ್ಲೂ ಹೆಮ್ಮೆಯಿಂದ.

"ಮುಖ ತೊಳ್ಕೊಳ್ಳಿ" ಎಂದಳು ಆಕೆ. ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು. ಪಾತ್ರೆ ತೊಳೆಯುತ್ತಿದ್ದಾಳೆ ಎಂದುಕೊಂಡರು ಯಜಮಾನರು. ಆಮೇಲೆ ಹೋಗಿ ನೋಡಿದರೆ ಸಿಂಕಿನಲ್ಲಿ ಒಂದು ಲೋಟವೂ ಇರಲಿಲ್ಲ.

ಪಕ್ಕೆಲುಬು ಬಿರುಕು ಬಿಟ್ಟಿದೆ ಎಂದರು ಡಾಕ್ಟರು. "ನಗಬೇಡಿ. ಸೀನಬೇಡಿ. ಜೋರಾಗಿ ಉಸಿರು ತಗೋಬೇಡಿ. ಅಲುಗಾಡದೆ ಮಲಗಿ."

"ಡಾಕ್ಟ್ರೇ, ನನ್ನ ಪಾತ್ರಕ್ಕೆ ಬೇಕಾಗಿರೋದು ಇಷ್ಟೇ!" ಎಂದು ಯಜಮಾನರು ನಕ್ಕರು. ನಕ್ಕದ್ದಕ್ಕೆ "ಅಮ್ಮಾ" ಎಂದರು.

"ನೀವು ಬೇಡ, ಹಾಸಿಗೆ ಮೇಲೆ ಅಮ್ಮನ್ನೇ ಮಲಗಿಸ್ತೀನಿ" ಎಂದಳು ಹೆಂಡತಿ.

"ನಿಮ್ಮಮ್ಮ ಅಷ್ಟು ಹೊತ್ತು ಬಾಯಿ ಮುಚ್ಕೊಂಡು ಮಲಗ್ತಾರಾ?"

ಆ ಒಂದು ಪ್ರಶ್ನೆಯಿಂದ ಪಾತ್ರ ಯಜಮಾನರಿಗೇ ಉಳಿಯಿತು.

ಸ್ಟುಡಿಯೋದಲ್ಲಿ ಕಬ್ಬಿಣದ ಮಂಚ, ಬಿಳಿ ಹಾಸಿಗೆ, ಯಾವುದಕ್ಕೂ ಜೋಡಿಸಿರದ ಒಂದು ಗ್ಲೂಕೋಸ್ ಬಾಟಲಿ, ಎಲ್ಲವೂ ಸಿದ್ಧವಾಗಿದ್ದವು. ಟೋಪಿ ಹಾಕಿದ ನಿರ್ದೇಶಕ ಕೊನೇ ಗಳಿಗೆಯಲ್ಲಿ ಒಂದು ಮಾತು ಸೇರಿಸಿದ.

"ಮೇಡಂ, ಪಲ್ಲವಿ ಮುಗಿಸಿದ ತಕ್ಷಣ ಅವರ ಎದೆ ಮೇಲೆ ಬಿದ್ದು ಅಳಬೇಕು. ಆಮೇಲೆ ಚರಣ."

"ಅವರ ಪಕ್ಕೆಲುಬು ಬಿರುಕು ಬಿಟ್ಟಿದೆ."

"ಹಾಗಾದ್ರೆ ಮೆಲ್ಲಗೆ ಬೀಳಿ. ಕ್ಯಾಮೆರಾಗೆ ಬಿದ್ದಂಗೆ ಕಂಡ್ರೆ ಸಾಕು."

ಪರದೆ ಎದ್ದಿತು. ಯಜಮಾನರು ಆಗಲೇ ಹೋಗಿದ್ದರು. ಕಣ್ಣು ಮುಚ್ಚಿದ್ದರಿಂದ ಅವರಿಗೆ ಕೇಳಿಸಿದ್ದಷ್ಟೇ ಗೊತ್ತು. ಓಡಿಬರುವ ಹೆಜ್ಜೆ ಸದ್ದು ಕೇಳಿತು. ಮಂಚದ ಪಕ್ಕ ಬಂದು ನಿಂತಿತು. ಮಾತು ಬರಬೇಕಾದ ಜಾಗದಲ್ಲಿ ಬರಲಿಲ್ಲ. ಮರೆತಳು ಎಂದು ಯಜಮಾನರ ಎದೆ ಧಸಕ್ಕೆಂದಿತು, ಅದೂ ನೋಯಿತು.

"ಸ್ವಲ್ಪ ಕಾಯಬಾರದಿತ್ತೇನ್ರೀ?"

ಆ 'ರೀ' ಬರೆದುಕೊಟ್ಟ ಮಾತಿನಲ್ಲಿ ಇರಲಿಲ್ಲ. ಆ ಧ್ವನಿಯೂ ತಾಲೀಮಿನಲ್ಲಿ ಒಂದು ದಿನವೂ ಬಂದಿರಲಿಲ್ಲ. ಆ ಭಾನುವಾರ ಲ್ಯಾಬಿನಿಂದ ಮನೆವರೆಗೆ ಆಕೆ ಓಡಿದಷ್ಟು ದೂರವೂ ಕಣ್ಣ ಮುಂದೆ ಇದ್ದದ್ದು ಇದೇ ಬಿಳಿ ಮುಖ. ಮನೆಗೆ ಬಂದರೆ ಮುಖ ಎದ್ದು ಕೂತಿತ್ತು, ಜಂಬ ಕೊಚ್ಚುತ್ತಿತ್ತು. ಅವತ್ತು ನಲ್ಲಿಯ ಸದ್ದಿನಲ್ಲಿ ಮುಚ್ಚಿಟ್ಟದ್ದೆಲ್ಲ ಈಗ ದೀಪಗಳ ಕೆಳಗೆ ಹೊರಗೆ ಬರತೊಡಗಿತು. ಇದನ್ನು ಆಕೆ ಗಂಡನಿಗೆ ಹೇಳಿದ್ದು ಎಷ್ಟೋ ದಿನವಾದ ಮೇಲೆ.

ಆಕೆ ಪಲ್ಲವಿ ಎತ್ತಿಕೊಂಡಳು. ಯಜಮಾನರ ಅಂಗೈ ಮೇಲೆ ಬೆಚ್ಚಗೆ ಒಂದು ಹನಿ ಬಿತ್ತು. ನಿಜವಾಗಿ ಅಳುತ್ತಿದ್ದಾಳೆ! ಎದ್ದು, "ಇಲ್ಲೇ ಇದ್ದೀನಲ್ಲೇ ಮಾರಾಯ್ತಿ" ಎನ್ನಬೇಕೆನಿಸಿತು. ಎದ್ದರೆ ಆಕೆಯ ಹಾಡು ಕೆಡುತ್ತದೆ. ಹಾಗಾಗಿ ಹಲ್ಲು ಕಚ್ಚಿ ಮಲಗಿದರು. ಆ ವಾರವೆಲ್ಲ ಅವರು ತಮಗಾಗಿ ಸತ್ತಿದ್ದರು; ಮೊದಲ ಸಲ ಹೆಂಡತಿಗಾಗಿ ಸತ್ತರು.

ಪಲ್ಲವಿ ಮುಗಿಯಿತು. ಮೆಲ್ಲಗೆ ಎಂಬುದು ಆಕೆಗೆ ಮರೆತೇ ಹೋಗಿತ್ತು. ಇಡೀ ಭಾರ ಹಾಕಿ ಗಂಡನ ಎದೆಯ ಮೇಲೆ ಬಿದ್ದಳು.

"ಅಯ್ಯಯ್ಯಯ್ಯಪ್ಪಾ!"

ಹೆಣ ಎದ್ದು ಕೂತಿತು. ತಬಲದವನ ಕೈ ಗಾಳಿಯಲ್ಲೇ ನಿಂತಿತು. ಕೂಗು ಮಾತ್ರ ಅಪ್ಪಟ ಶ್ರುತಿಯಲ್ಲಿತ್ತು ಎಂದು ಕೀಬೋರ್ಡಿನವನು ಆಮೇಲೆ ಎಲ್ಲರಿಗೂ ಹೇಳಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹೆಂಡತಿ ತಲೆಯೆತ್ತಿದಳು. ಗಂಡನನ್ನು ನೋಡಿದಳು. ಅವರ ಹಣೆಗೆ ಅಂಗೈ ಕೊಟ್ಟು ಹಿಂದಕ್ಕೆ ದಿಂಬಿಗೆ ಒತ್ತಿ, "ಸುಮ್ನೆ ಮಲಕ್ಕೊಳ್ರೀ" ಎಂದಳು. ಮೈಕು ಆನ್ ಇತ್ತು. ಕಣ್ಣೊರೆಸಿಕೊಂಡು, ಶ್ರುತಿ ಒಂದಿಷ್ಟೂ ತಪ್ಪದೆ ಚರಣಕ್ಕೆ ಹೋದಳು. ಮೊದಲ ಸಾಲು ನಗುವಿನಲ್ಲಿ ಮುಳುಗಿತು. ಎರಡನೆಯ ಸಾಲಿಗೆ ನಗು ಇಳಿಯಿತು. ಹಾಡು ಮುಗಿದಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಕ್ಕು ಬಂದ ನೀರೋ ಅತ್ತು ಬಂದ ನೀರೋ ಅವರಿಗೇ ತಿಳಿಯುವಂತಿರಲಿಲ್ಲ.

ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಭಿನಯಕ್ಕೆ ಪೂರ್ತಿ ಅಂಕ ಕೊಟ್ಟರು. "ಇಷ್ಟು ನಿಜವಾಗಿ ಅಳೋದನ್ನ ಯಾರಮ್ಮ ಹೇಳಿಕೊಟ್ಟಿದ್ದು?" ಎಂದು ಅವರಲ್ಲೊಬ್ಬರು ಕೇಳಿದರು.

ಮಂಚದ ಮೇಲಿಂದ ಒಂದು ಕೈ ಮೇಲೆದ್ದಿತು. ಯಾರೂ ಆ ಕಡೆ ನೋಡಲಿಲ್ಲ.

ಮನೆಗೆ ಮರಳುವಾಗ ಯಜಮಾನರು ಮೆಲ್ಲಗೆ ಕೇಳಿದರು, "ನೀನು ನಿಜವಾಗ್ಲೂ ಅತ್ತುಬಿಟ್ಟೆ ಅಲ್ವಾ?"

"ಇಲ್ಲಪ್ಪ, ಅಭಿನಯ" ಎಂದಳು ಆಕೆ, ಕಾರಿನ ಕಿಟಕಿಯತ್ತ ತಿರುಗಿ. ಆ ವಾರ ಆಕೆ ಮಾಡಿದ ಅಭಿನಯದಲ್ಲೆಲ್ಲ ಅತ್ಯಂತ ಕಳಪೆಯಾದದ್ದು ಅದು.

ಕಾರ್ಯಕ್ರಮ ಪ್ರಸಾರವಾಯಿತು. ಹೆಂಡತಿ ಕೊನೆಯ ನಾಲ್ವರಲ್ಲಿ ಉಳಿದಳು. ಹೆಣದ ಕೂಗು ಮನೆಮಾತಾಯಿತು. ಹೀಗಿರುವಾಗ ಒಂದು ಧಾರಾವಾಹಿಯವರಿಂದ ಯಜಮಾನರಿಗೇ ಫೋನು ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಅವರು ಮಾತಾಡಿದರು, ಫೋನಿನಲ್ಲೇ ಆದರೂ.

"ಪಾತ್ರ ಎಂಥದ್ದು?"

"ನಮ್ಮ ಧಾರಾವಾಹೀಲಿ ಅತ್ತೆ ಮೆಟ್ಟಿಲ ಮೇಲಿಂದ ಉರುಳಿ ಬೀಳ್ತಾರೆ ಸರ್. ಬೀಳೋದೇನೋ ಚೆನ್ನಾಗೇ ಬಿದ್ದಿದ್ದಾರೆ. ಕೂಗೋಕೆ ಬರ್ತಿಲ್ಲ. ನಿಮ್ಮ ಕೂಗು ಬೇಕಿತ್ತು."

"ಮತ್ತೆ ಮುಖ?"

"ಮುಖ ಅವರದ್ದೇ ಇದೆ ಸರ್."

ಕಲಾವಿದನ ಆತ್ಮಗೌರವ ಒಂದು ರಾತ್ರಿ ಹೋರಾಡಿ, ಬೆಳಗಾಗುವಷ್ಟರಲ್ಲಿ ಸೋತಿತು. ನಿಮ್ಮಮ್ಮನಿಗೆ ಹೇಳಕೂಡದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡು ಯಜಮಾನರು ಹೋದರು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಎಷ್ಟು ಕೂಗಿದರೂ, "ಅವತ್ತಿನಷ್ಟು ಬರ್ತಿಲ್ಲ ಸರ್" ಎಂದೇ ಧಾರಾವಾಹಿಯವರ ರಗಳೆ. ಕೊನೆಗೆ ಯಜಮಾನರು ಕಣ್ಣು ಮುಚ್ಚಿ ತಮ್ಮ ಪಕ್ಕೆಯನ್ನು ತಾವೇ ಒತ್ತಿಕೊಂಡರು. ಒಂದೇ ಸಲಕ್ಕೆ ಓಕೆ ಆಯಿತು.

ಆ ಕಂತು ಬಂದ ಸಂಜೆ ಮೂವರೂ ಟೀವಿ ಮುಂದೆ ಕೂತಿದ್ದರು. ಪರದೆಯ ಮೇಲಿನ ಅತ್ತೆ ಉರುಳಿದಳು, ಕೂಗಿದಳು. ಸೋಫಾದ ಮೇಲಿನ ಅತ್ತೆಯವರು ಎರಡೂ ಕೈ ಎದೆಗಿಟ್ಟುಕೊಂಡರು. ಕಣ್ಣಲ್ಲಿ ನೀರು ತುಂಬಿತ್ತು.

"ಅಬ್ಬಬ್ಬಾ! ಕರುಳು ಕಿತ್ತು ಬಂತಲ್ಲೇ! ಎಂಥಾ ಕಲಾವಿದೆ!"

ಯಜಮಾನರ ಎದೆ ಉಬ್ಬಿತು. ಮುಚ್ಚಿಡಬೇಕೆಂದು ತಾವೇ ಹೇಳಿದ್ದನ್ನು ಮರೆತು ಬಾಯಿ ತೆರೆದರು. "ಅತ್ತೆ, ನಿಜ ಹೇಳ್ಬೇಕಂದ್ರೆ ಆ ಕೂಗು..."

"ಸುಮ್ನಿರಿ ಅಳಿಯಂದ್ರೇ" ಎಂದರು ಅತ್ತೆಯವರು, ಟೀವಿಯಿಂದ ಕಣ್ಣು ಕೀಳದೆ. "ಇಂಥ ಹೆಣ್ಣುಮಕ್ಕಳನ್ನ ನೋಡಿ ಕಲೀಬೇಕು ನೀವು!"