ಅವ್ವನ ಚಾಳೀಸು ಮತ್ತು ನನ್ನ ಆಯಸ್ಕಾಂತದ ಬಿಟ್ಟು

ದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟದ್ದು ಸ್ಕ್ರೂ ಹುಟ್ಟುವುದಕ್ಕೆ ಮೊದಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಲಗೆ ಒತ್ತಿ ಹಿಡಿಯಲು ಒಂದು ಕೈ, ಸ್ಕ್ರೂಡ್ರೈವರ್ ತಿರುಗಿಸಲು ಇನ್ನೊಂದು. ಸ್ಕ್ರೂ ಹಿಡಿಯುವವರು ಯಾರು? ಬಾಯಲ್ಲಿ ಹಿಡಿಯಬಹುದು, ಆದರೆ ಕೆಲಸ ಮಾಡುವಾಗ ಬೈಯಲು ನನಗೆ ಬಾಯಿ ಬೇಕಾಗುತ್ತದೆ. ಹಾನಗಲ್ಲಿನ ನಮ್ಮ ಮನೆಯಲ್ಲಿ ನಾನು ಬೀಳಿಸಿದ ಸ್ಕ್ರೂಗಳು ಕಪಾಟಿನ ಅಡಿ, ಜೋಳದ ಚೀಲದ ಸಂದಿ, ಒಮ್ಮೆಯಂತೂ ಕುದಿಯುವ ಸಾರಿನೊಳಗೆ ಸೇರಿವೆ. ನಾನು ಸ್ಟೂಲು ಎಳೆದರೆ ಸಾಕು, ನನ್ನ ಹೆಂಡತಿ ಶಕುಂತಲಾ ಕಸಬರಿಗೆ ಹಿಡಿದು ಬಂದು ನಿಲ್ಲುತ್ತಾಳೆ. “ನೀವು ಒಂದ್ ತಾಸು ರಿಪೇರಿ ಮಾಡಿದ್ರ ನಾ ಎರಡ್ ತಾಸು ನೆಲಾ ಹುಡುಕಬೇಕ್ರಿ” ಎನ್ನುತ್ತಾಳೆ. ಇದರಲ್ಲಿ ಸುಳ್ಳೇನೂ ಇಲ್ಲ.

ಈ ಅವಮಾನದಿಂದ ನನ್ನನ್ನು ಪಾರು ಮಾಡಿದವನು ಸವಣೂರಿನ ದಾದಾಪೀರ. ಕಚೇರಿ ಕೆಲಸಕ್ಕೆ ಅಲ್ಲಿಗೆ ಹೋದಾಗಲೆಲ್ಲ ಅವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕುಳಿತು ಚಹಾ ಕುಡಿಯುವುದು ನನ್ನ ರೂಢಿ. ಒಂದು ದಿನ ನನ್ನ ಗೋಳು ಕೇಳಿ ಅವನು ಅಂಗೈಯಗಲದ ಡಬ್ಬಿಯೊಂದನ್ನು ತೆಗೆದ. ಒಳಗೆ ಒಂದು ಹಿಡಿಕೆ, ಅದಕ್ಕೆ ಸಿಕ್ಕಿಸುವ ದಪ್ಪ, ಸಣ್ಣ ಉಕ್ಕಿನ ತುದಿಗಳು. ಇವುಗಳಿಗೆ ಬಿಟ್ಟು ಎನ್ನುತ್ತಾರಂತೆ. ಒಂದರ ತುದಿಗೆ ಸ್ಕ್ರೂ ಮುಟ್ಟಿಸಿ, ತಲೆಕೆಳಗು ಮಾಡಿ, ಗಡಗಡ ಅಲ್ಲಾಡಿಸಿದ. ಜಪ್ಪಯ್ಯ ಎಂದರೂ ಸ್ಕ್ರೂ ಬೀಳಲಿಲ್ಲ.

“ಇದರಾಗ ಆಯಸ್ಕಾಂತ ಐತ್ರಿ ಸಾಹೇಬ್ರ. ಬೀಳಸಬೇಕು ಅಂದ್ರೂ ಬೀಳಂಗಿಲ್ಲ.”

“ಅಂದ್ರ ನನ್ನಂಥವ್ರ ಸಲುವಾಗೇ ಮಾಡ್ಯಾರೇನು?”

“ನಿಮ್ಮನ್ನ ನೋಡೇ ಮಾಡ್ಯಾರ್ರಿ!” ಎಂದ.

ಅಬ್ಬಾ, ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲೂ ಒಬ್ಬ ಶಕುಂತಲಾ ಕಸಬರಿಗೆ ಹಿಡಿದು ನಿಂತಿರಬೇಕು. ಮುಂದಿನ ಒಂದು ವಾರ ನಮ್ಮ ಮನೆಯಲ್ಲಿ ಸಡಿಲಾದದ್ದು ಏನೂ ಉಳಿಯಲಿಲ್ಲ. ಬಾಗಿಲ ಚಿಲಕ, ಕುಕ್ಕರಿನ ಹಿಡಿಕೆ, ಸ್ವಿಚ್ಚಿನ ಹಲಗೆ ಎಲ್ಲವನ್ನೂ ಬಿಗಿದೆ. ಬಿಗಿಯಾಗಿದ್ದುದನ್ನು ಬಿಚ್ಚಿ ಮತ್ತೆ ಬಿಗಿದೆ. ಹಂಸಭಾವಿಯ ಅಕ್ಕನ ಮನೆಗೂ ಡಬ್ಬಿಯನ್ನು ಕಿಸೆಯಲ್ಲೇ ಒಯ್ದಿದ್ದೆ. ಅಲ್ಲಿ ಮಾತ್ರ ಮರ್ಯಾದೆ ಹೋಯಿತು. ಅವಳ ಹಳೆಯ ಕದದ ಸ್ಕ್ರೂಗಳು ಹಿತ್ತಾಳೆಯವು. ಆಯಸ್ಕಾಂತ ಅವನ್ನು ಮೂಸಿಯೂ ನೋಡಲಿಲ್ಲ. “ನಿನ್ನ ಬಿಟ್ಟಿಗೆ ನಿದ್ದಿ ಹತ್ತೇತೇನೋ ತಮ್ಮಾ?” ಎಂದು ಅಕ್ಕ ಎಲ್ಲರೆದುರು ನಕ್ಕಳು.

ಆಮೇಲೆ ಮಹಾನವಮಿ ಬಂತು. ಅಂದು ನಮ್ಮಲ್ಲಿ ಖಂಡೆ ಪೂಜೆ. ಕುಡಗೋಲು, ಈಳಿಗೆ, ಕತ್ತರಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪೂಜಿಸಿದರೆ, ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವನ್ನು ಕೆಲಸಕ್ಕೆ ಎತ್ತುವಂತಿಲ್ಲ. ನಾನು ಹೆಮ್ಮೆಯಿಂದ ಬಿಟ್ಟಿನ ಡಬ್ಬಿಯನ್ನೂ ತೆರೆದಿಟ್ಟೆ. ನನ್ನ ಅವ್ವ ಒಂದೊಂದು ಬಿಟ್ಟಿಗೂ ಕುಂಕುಮ ಹಚ್ಚಿದಳು. ಪಕ್ಕದಲ್ಲೇ ಘಟ್ಟವಿತ್ತು. ನವರಾತ್ರಿಯ ಮೊದಲ ದಿನ ಮಣ್ಣಿನಲ್ಲಿ ಗೋದಿ ಬಿತ್ತಿ, ನಡುವೆ ಕೊಡ ಇಟ್ಟು ದೇವಿಯನ್ನು ಕೂರಿಸುವುದು. ಒಂಬತ್ತನೆಯ ದಿನಕ್ಕೆ ಸಸಿ ಗೇಣುದ್ದ ಬಂದಿರುತ್ತದೆ. ಘಟ್ಟ ಎತ್ತುವವರೆಗೆ ಆ ಸಸಿಯನ್ನು ಯಾರೂ ಮುಟ್ಟಬಾರದು. ಅದರ ಮುಂದೆ ಕುಳಿತು ಅವ್ವ ದಿನಕ್ಕೊಂದು ಅಧ್ಯಾಯ ಪುರಾಣ ಓದುತ್ತಾಳೆ. ಅಪ್ಪ ತೀರಿಕೊಂಡ ವರ್ಷದಿಂದ ಹಿಡಿದ ನೇಮ, ಒಮ್ಮೆಯೂ ತಪ್ಪಿಲ್ಲ. ಅಂದು ಕೊನೆಯ ಅಧ್ಯಾಯ. ಸಂಜೆಯ ಆರತಿಯೊಳಗೆ ಮುಗಿಯಬೇಕು.

ಪುಸ್ತಕ ಬಿಚ್ಚುವ ಮೊದಲು ಘಟ್ಟಕ್ಕೆ ಹೂವೇರಿಸಲು ಅವ್ವ ಬಾಗಿದಳು ನೋಡಿ, ಮೂಗಿನ ಮೇಲಿನ ಚಾಳೀಸಿನ ಕಾಲು ಕಳಚಿತು, ಗಾಜು ಮಡಿಲಿಗೆ ಬಿತ್ತು, ಎರಡನ್ನೂ ಹಿಡಿದಿದ್ದ ಎಳ್ಳಿನಷ್ಟು ಸ್ಕ್ರೂ ಸಸಿಗಳ ಬುಡಕ್ಕೆ ಹೋಗಿ ಕುಳಿತಿತು. ಚಾಳೀಸಿನ ಅಂಗಡಿಯವರು ಪೂಜೆ ಮುಗಿಸಿ ಬಾಗಿಲು ಹಾಕಿಯಾಗಿತ್ತು.

“ಅತ್ತೀ, ಇವತ್ತೊಂದಿನ ನಾ ಓದ್ತೇನ್ರಿ, ನೀವು ಕೇಳ್ರಿ” ಎಂದಳು ಶಕುಂತಲಾ.

“ಎಂಟ್ ದಿನಾ ನಾ ಓದಿ ಒಂಬತ್ತನೇದ್ದು ನೀ ಓದಿದ್ರ ನನ್ನ ನೇಮಾ ಎಲ್ಲಿ ಉಳೀತವ್ವಾ?” ಅವ್ವ ಪುಸ್ತಕವನ್ನು ಎದೆಗೊತ್ತಿ ಹಿಡಿದಳು. ನಾನು ಡಬ್ಬಿಯತ್ತ ಕೈ ಚಾಚಿದೆ.

“ಏ, ಪೂಜಾ ಆದದ್ದನ್ನ ಎತ್ತಬ್ಯಾಡ!” ಅವ್ವ ತಡೆದಳು.

“ಹಂಗಾದ್ರ ಘಟ್ಟದಾಗ ಕೈ ಹಾಕಿ ಹುಡುಕ್ಲೇನು?”

“ಸಸಿಗೆ ಕೈ ಹಚ್ಚಿಗಿಚ್ಚಿ ಮತ್ತ!”

ಎರಡೂ ಕಾಯಿದೆ ಅವಳವೇ, ಕಣ್ಣು ಕಾಣದೆ ಕುಳಿತವಳೂ ಅವಳೇ. ದೀಪದ ಕಡೆ ಮುಖ ತಿರುಗಿಸಿದಳು. ಆಮೇಲೆ ತೀರ್ಪು ಕೊಟ್ಟಳು: “ಕೆಲಸಕ್ಕ ಎತ್ತಬಾರದು, ಖರೆ. ಇದು ದೇವಿ ಸೇವಾ, ಕೆಲಸ ಅಲ್ಲ. ಇಲ್ಲಿ ಕೊಡು. ನೀ ಹಿಡೀಬ್ಯಾಡ, ನೀ ಬೀಳಸ್ತಿ.”

ಅವ್ವ ಕೈಮುಗಿದು, ಕುಂಕುಮ ಹಚ್ಚಿದ ಸಣ್ಣ ಬಿಟ್ಟನ್ನು ಹಿಡಿಕೆಗೆ ಸಿಕ್ಕಿಸಿಕೊಂಡಳು. ಶಕುಂತಲಾ ದಾರಿ ಹೇಳಿದಂತೆ ಸಸಿಗಳ ನಡುವೆ ನಿಧಾನವಾಗಿ ಇಳಿಸಿದಳು. ನನಗೆ ಆಗ ಹಂಸಭಾವಿ ನೆನಪಾಯಿತು. ಈ ಸ್ಕ್ರೂ ಏನಾದರೂ ಹಿತ್ತಾಳೆಯದಾಗಿದ್ದರೆ? ‘ಟಿಕ್’ ಎಂದಿತು. ಬಿಟ್ಟು ಮೇಲೆ ಬಂದಾಗ ಅದರ ತುದಿಯಲ್ಲಿ ಸ್ಕ್ರೂ ನೆಟ್ಟಗೆ ನಿಂತಿತ್ತು. ಒಂದು ಸಸಿಯೂ ಅಲುಗಿರಲಿಲ್ಲ. ಆ ಬಿಟ್ಟಿಗೆ ನಾನೇ ಅಡ್ಡಬೀಳುವುದು ಬಾಕಿ.

“ಇನ್ನ ಕೊಡವ್ವಾ, ನಾ ಕೂಡಸ್ತೇನಿ” ಎಂದೆ. ಕೊಡಲಿಲ್ಲ. ಶಕುಂತಲಾ ಗಾಜನ್ನೂ ಕಾಲನ್ನೂ ಜೋಡಿಸಿ ಒತ್ತಿ ಹಿಡಿದಳು. ಅವ್ವ ಎಡಗೈ ಬೆರಳಿನಿಂದ ತೂತು ತಡವಿ, ಬಿಟ್ಟಿಗೆ ಅಂಟಿದ್ದ ಸ್ಕ್ರೂವನ್ನು ಅಲ್ಲಿಗೆ ಮುಟ್ಟಿಸಿ ನಾಲ್ಕು ಸುತ್ತು ತಿರುಗಿಸಿದಳು. ಮುಗಿಯಿತು. ಎರಡು ಗಟ್ಟಿ ಕಣ್ಣಿದ್ದೂ ವರ್ಷಗಟ್ಟಲೆ ನನ್ನಿಂದ ಆಗದ ಕೆಲಸ! ನನಗೆ ಸಿಕ್ಕಿದ್ದು ಬ್ಯಾಟರಿ ಹಿಡಿದು ಬೆಳಕು ಬಿಡುವ ಉದ್ಯೋಗ. ಅದಕ್ಕೂ “ನೆಟ್ಟಗ ಹಿಡಿಯೋ, ಕಣ್ಣಾಗ ಹೊಡ್ಯಾಕತ್ತೇತಿ” ಎಂದು ಬೈಸಿಕೊಂಡೆ. ಆರತಿಯ ಹೊತ್ತಿಗೆ ಅವ್ವ ಕೊನೆಯ ಸಾಲು ಓದಿ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ನನ್ನ ಕಣ್ಣೂ ತುಂಬಿ ಬಂತು.

ಬನ್ನಿ ಹಬ್ಬ ಮುಗಿದರೂ ಡಬ್ಬಿ ನನಗೆ ತಿರುಗಿ ಬರಲಿಲ್ಲ; ಅವ್ವನ ವಿಭೂತಿ ಗಟ್ಟಿಯ ಪಕ್ಕ ಕುಳಿತಿದೆ. ಓಣಿಯವರು ಚಾಳೀಸು, ಕುಕ್ಕರು ಹಿಡಿದು ಬಂದು, ಬಾಗಿಲು ತೆರೆದ ನನ್ನನ್ನು “ಅವ್ವಾರ ಅದಾರೇನ್ರಿ?” ಎಂದು ಕೇಳುತ್ತಾರೆ. ಅವಳು ಬಿಗಿಯುತ್ತಾಳೆ, ನಾನು ಬ್ಯಾಟರಿ ಹಿಡಿಯುತ್ತೇನೆ, ಬೆಳಕು ಅಲುಗಿದರೆ ಬೈಸಿಕೊಳ್ಳುತ್ತೇನೆ. ಮೊನ್ನೆ ಸವಣೂರಿಗೆ ಹೋದಾಗ ದಾದಾಪೀರ, “ಡಬ್ಬಿ ಹೆಂಗೈತ್ರಿ ಸಾಹೇಬ್ರ? ಇನ್ನೇನರ ಬೇಕೇನ್ರಿ?” ಎಂದ. ಅರ್ಧ ತಾಸು ಆ ಬಿಟ್ಟುಗಳನ್ನು ಬಾಯಿ ತುಂಬ ಹೊಗಳಿದೆ. ಆಮೇಲೆ ದನಿ ತಗ್ಗಿಸಿ, “ಒಂದು ಚಲೋ ಬ್ಯಾಟರಿ ಕೊಡಪಾ, ಕೈ ನಡುಗಿದ್ರೂ ಬೆಳಕು ನಡುಗದಂಥಾದ್ದು” ಎಂದೆ.